ಖಾಲಿ ಹಾಳೆಯ ಕೆಳಗಿನ ಸಹಿ

ನಾನು ಕನ್ನಡ ಕಲಿಸುವ ಖಾಸಗಿ ವಿಶ್ವವಿದ್ಯಾಲಯ ಚಂದಾಪುರ ದಾಟಿದ ಮೇಲೆ ಸಿಗುತ್ತದೆ. ಅಲ್ಲಿ ಓದುವವರಲ್ಲಿ ಮುಕ್ಕಾಲು ಪಾಲು ಎಂಜಿನಿಯರಿಂಗ್‌ನವರು. ಅವರಿಗೆ ವಾರಕ್ಕೆ ಎರಡು ಗಂಟೆ ಕನ್ನಡ ಕಡ್ಡಾಯ ಎಂಬ ಕಾರಣಕ್ಕೆ ನನಗೆ ಅಲ್ಲೊಂದು ಕುರ್ಚಿ, ಅರ್ಧ ಬೀರು, ತಿಂಗಳ ಸಂಬಳ. ಕನ್ನಡ ವಿಭಾಗವೆಂದರೆ ನಾನೊಬ್ಬಳೇ. ವಿಭಾಗದ ಸಭೆ ಕರೆಯುವವಳೂ ನಾನೇ, ಹಾಜರಾಗುವವಳೂ ನಾನೇ, ನಡಾವಳಿ ಬರೆದು ಸಹಿ ಹಾಕುವವಳೂ ನಾನೇ. ಹದಿನಾರು ವರ್ಷ ಹೀಗೆ ಕಳೆದರೆ ಸಿಟ್ಟು ತಾನಾಗಿಯೇ ಇಳಿಯುತ್ತದೆ ಎಂದು ಹಿರಿಯರೊಬ್ಬರು ಹೇಳಿದ್ದರು. ಸುಳ್ಳು. ಸಿಟ್ಟು ಬರುತ್ತಲೇ ಇರುತ್ತದೆ, ಎದ್ದು ಜಗಳವಾಡುವುದಕ್ಕೆ ಮಾತ್ರ ಬೇಜಾರು.

ಒಂದು ಸೋಮವಾರ ಎಲ್ಲರಿಗೂ ಒಂದು ಮೇಲ್ ಬಂತು. ಭಾಷೆ, ಇತಿಹಾಸ, ಸಮಾಜಶಾಸ್ತ್ರದವರು ಬೇರೆ ವಿಭಾಗದವರೊಂದಿಗೆ ಕೈಜೋಡಿಸಿ ಸಂಶೋಧನೆ ಮಾಡಿದರೆ ವಿಶ್ವವಿದ್ಯಾಲಯವೇ ಅನುದಾನ ಕೊಡುತ್ತದಂತೆ. ಇಂಥ ಮೇಲ್‌ಗಳನ್ನು ನಾನು ಓದುವುದಿಲ್ಲ. ಅವತ್ತೂ ಓದುತ್ತಿರಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ಹಿಡಿದುಕೊಂಡು ಮೆಕ್ಯಾನಿಕಲ್ ವಿಭಾಗದ ಸಹೋದ್ಯೋಗಿಯೊಬ್ಬರು ನನ್ನ ಕೋಣೆಗೆ ಬಂದರು. ನನಗಿಂತ ಹದಿನೈದು ವರ್ಷ ಚಿಕ್ಕವರು, ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು, ಇನ್ನೂ ಉತ್ಸಾಹ ಉಳಿಸಿಕೊಂಡವರು.

"ಮೇಡಂ, ಆ ಗ್ರಾಂಟ್‌ಗೆ ನಾವಿಬ್ರು ಹಾಕ್ಬಿಡೋಣ. ನನ್ಹತ್ರ ಒಂದ್ ಸಕ್ಕತ್ ವಿಷ್ಯ ಇದೆ," ಎಂದರು.

"ನಿಮ್ಮ ವಿಷಯಕ್ಕೂ ನನಗೂ ಏನ್ರೀ ಸಂಬಂಧ?"

"ಒಂದ್ಸಲ ಪೀಣ್ಯಕ್ಕೆ ಬನ್ನಿ ಮೇಡಂ. ಆಮೇಲೆ ನೀವೇ ಹೇಳ್ತೀರ."

ಅವರ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟಿಗೆ ಬೇಕಾದ ಲೋಹದ ಬಿಡಿಭಾಗಗಳನ್ನು ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಮಾಡಿಸುತ್ತಿದ್ದರು. ಅಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ ಮಾಡುವ ಹಿರಿಯ ಟರ್ನರ್ ಒಬ್ಬರಿದ್ದರು. ಅರವತ್ತು ದಾಟಿದವರು, ಗದಗದ ಕಡೆಯಿಂದ ಇಪ್ಪತ್ತರ ಹರೆಯದಲ್ಲಿ ಬಂದವರು. ಭಾನುವಾರ ಅವರನ್ನು ನೋಡಲು ಹೊರಟೆವು. ಸಿಂಗಸಂದ್ರದ ನನ್ನ ಮನೆಯಿಂದ ಹಳದಿ ಮೆಟ್ರೋ, ಅದರಿಂದಿಳಿದು ಹಸಿರು ಮೆಟ್ರೋ, ಅದರಿಂದಿಳಿದು ಆಟೋ. ರಾಜಗೋಪಾಲನಗರದಲ್ಲಿ ಕಬ್ಬಿಣದ ಏಣಿಯಂಥ ಮೆಟ್ಟಿಲು ಹತ್ತಿ ಅವರ ಬಾಡಿಗೆ ಮನೆ ಸೇರುವಷ್ಟರಲ್ಲಿ ಎರಡು ತಾಸು ಕಳೆದಿತ್ತು, ನನ್ನ ಮಂಡಿ ಮಾತಾಡತೊಡಗಿತ್ತು.

"ಬರ್ರಿ ಅಕ್ಕಾರ, ಕುಂದರ್ರಿ," ಎಂದರು. ಅವರ ಕಡೆ ಶಾಲೆಯಲ್ಲಿ ಪಾಠ ಹೇಳುವ ಹೆಂಗಸರನ್ನು ಹಾಗೆ ಕರೆಯುತ್ತಾರೆ. ಅವರ ಹೆಂಡತಿ ಚುರುಮುರಿ ಒಗ್ಗರಣೆ ತಂದಿಟ್ಟರು. ನಾನು ದಾವಣಗೆರೆಯವಳು, ನಮಗದು ಮಂಡಕ್ಕಿ. ಎರಡು ತುತ್ತು ತಿನ್ನುವಷ್ಟರಲ್ಲಿ ನನಗೆ ಬಂದದ್ದು ಒಳ್ಳೆಯದಾಯಿತು ಅನ್ನಿಸಿತು.

ಮಂಚದ ಕೆಳಗಿನಿಂದ ಅವರೊಂದು ಟ್ರಂಕು ಎಳೆದರು. ಅದರೊಳಗೆ ಜಾಬ್ ಕಾರ್ಡುಗಳು. ಕಾರ್ಖಾನೆಯಲ್ಲಿ ಒಂದೊಂದು ತುಂಡು ಲೋಹದ ಜೊತೆಗೂ ಒಂದು ಕಾರ್ಡು ಹೋಗುತ್ತದಂತೆ, ಏನು ಅಳತೆ, ಯಾರು ಮಾಡಬೇಕು ಎಂದು ಬರೆದದ್ದು. ಕೆಲಸ ಮುಗಿದ ಮೇಲೆ ಬಿಸಾಡುವ ಆ ಕಾರ್ಡುಗಳ ಬೆನ್ನಿಗೆ ಅವರು ನಲವತ್ತು ವರ್ಷ ಮಾತುಗಳನ್ನು ಬರೆದಿಟ್ಟಿದ್ದರು. ಎಣ್ಣೆ ಕಲೆಯ ನಡುವೆ ದುಂಡನೆಯ ಅಕ್ಷರ. ಮೆಷಿನ್ 'ಕೆಮ್ಮುವುದು' ಎಂದರೆ ಯಾವ ಸದ್ದು, ತೂತು 'ಬಾಯಿ ಬಿಡುವುದು' ಎಂದರೆ ಎಷ್ಟು ಸಡಿಲ, ಕೆತ್ತಿದ ಲೋಹಕ್ಕೆ 'ಮೈ ಬಂತು' ಎಂದು ಯಾವಾಗ ಹೇಳಬಹುದು, 'ಅರ್ಧ ಕೂದಲು ತೆಗಿ' ಅಂದರೆ ಎಷ್ಟು ತೆಗೆಯಬೇಕು. ಪ್ರತಿ ಮಾತಿನ ಕೆಳಗೆ ಅದನ್ನು ಹೇಳಿದವನು ಯಾವ ಕಡೆಯವನು, ಯಾವ ಮೆಷಿನ್ ಮೇಲೆ ನಿಂತು ಹೇಳಿದ ಎಂಬುದೂ ಇತ್ತು. ನಾನು ಎಂ.ಎ. ಓದುವಾಗ ಭಾಷಾ ಸಮೀಕ್ಷೆ ಮಾಡುವುದು ಹೇಗೆಂದು ಒಂದು ಇಡೀ ಪತ್ರಿಕೆ ಓದಿದ್ದೆ. ಏಳನೇ ಇಯತ್ತೆ ಕಲಿತ ಈ ಮನುಷ್ಯ ಅದನ್ನು ಓದದೆಯೇ ಮಾಡಿಟ್ಟಿದ್ದರು. ನನಗೆ ಹೊಟ್ಟೆಕಿಚ್ಚಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು.

"ಯಾಕೆ ಬರೆದಿರಿ ಯಜಮಾನ್ರೇ?" ಎಂದು ಕೇಳಿದೆ.

"ಬಂದ ಹೊಸದಾಗ ನನಗ ಏನೂ ತಿಳೀತಿದ್ದಿಲ್ರಿ. ಒಬ್ಬಾಂವ ತಮಿಳು, ಒಬ್ಬಾಂವ ತೆಲುಗು, ಸುಪರ್‌ವೈಜರ್ ಇಂಗ್ಲಿಷು. ತಪ್ಪು ಕೇಳಿಸಿಕೊಂಡ್ರ ಬೆರಳು ಹೋಗತಿತ್ತು. ಅದಕ್ಕ ಬರಕೊಂಡೆ. ಆಮ್ಯಾಲ ರೂಢಿ ಆತು," ಎಂದರು.

ನಾವು ಬಂದ ಉದ್ದೇಶ ಹೇಳಿದೆವು. ಅನುದಾನ ಸಿಕ್ಕರೆ ಇವುಗಳನ್ನೆಲ್ಲ ಒಂದು ಪದಕೋಶ ಮಾಡೋಣ, ನಿಮ್ಮ ಧ್ವನಿ, ಮೆಷಿನ್ನಿನ ಸದ್ದು ಎಲ್ಲ ರೆಕಾರ್ಡ್ ಮಾಡೋಣ, ನಿಮಗೆ ಗೌರವಧನವೂ ಬರುತ್ತದೆ ಎಂದೆವು. ಅವರು ಕಾರ್ಡುಗಳನ್ನು ಜೋಡಿಸತೊಡಗಿದರು.

"ಈ ಮಾತು ನನ್ನವಲ್ರಿ. ಎಲ್ಲಾರ ಬಾಯಾಗಿನವು. ರೊಕ್ಕ ಗಿಕ್ಕ ನೀವು ನೋಡಿಕೋರಿ. ಬರಕೊಂಡಾಂವ ಇಂಥಾಂವ ಅಂತ ನನ್ನ ಹೆಸರು ಒಂದು ಹಾಕ್ರಿ. ಅಷ್ಟ ಸಾಕು."

"ಮೊದಲನೇ ಪುಟದಲ್ಲೇ ಇರುತ್ತೆ," ಎಂದೆ. ಯಾರನ್ನೂ ಕೇಳದೆ, ಯಾವ ನಿಯಮವನ್ನೂ ಓದದೆ ಕೊಟ್ಟ ಮಾತು. ಆದರೆ ಕೊಡುವಾಗ ಮನಸ್ಸಿನಿಂದಲೇ ಕೊಟ್ಟಿದ್ದೆ.

ಆಮೇಲಿನ ಆರು ವಾರ ನಾನು ಅರ್ಜಿ ತುಂಬಿದೆ. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಹಾಗೆ ಸಂಶೋಧನೆಗಿಂತ ಅದರ ಅರ್ಜಿಯೇ ದೊಡ್ಡದು. ಪೋರ್ಟಲ್‌ನಲ್ಲಿ ವಿಭಾಗ ಆರಿಸುವ ಪಟ್ಟಿಯಲ್ಲಿ ಕನ್ನಡವೇ ಇರಲಿಲ್ಲ. ಫೋನ್ ಮಾಡಿ ಕೇಳಿದರೆ 'ಇತರ ಭಾಷೆಗಳು' ಅಂತ ಒತ್ತಿ ಮೇಡಂ ಎಂದರು. ನನ್ನ ನಾಡಿನಲ್ಲಿ ನನ್ನ ಭಾಷೆ ಇತರೆ. ಒತ್ತಿದೆ. ಇನ್ನೂರೈವತ್ತು ಪದಗಳಲ್ಲಿ ಸಾರಾಂಶ ಬರೆದರೆ ಪೋರ್ಟಲ್ ಇನ್ನೂರಾ ಐವತ್ತೊಂದು ಎನ್ನುತ್ತದೆ. ಸಮಾಜಕ್ಕೆ ಏನು ಪರಿಣಾಮ, ಅದನ್ನು ಅಳೆಯುವುದು ಹೇಗೆ, ಎರಡನೇ ವರ್ಷದ ಮೂರನೇ ತಿಂಗಳಲ್ಲಿ ಯಾವ ಹಂತ ಮುಟ್ಟಿರುತ್ತೀರಿ ಎಂದೆಲ್ಲ ಕೇಳುತ್ತದೆ. ತರಗತಿ ಮುಗಿಸಿ, ಹಾಜರಿ ಹಾಕಿ, ಕೂತು ಬರೆಯುವುದು, ಅಳಿಸುವುದು. ಸಹೋದ್ಯೋಗಿ ಎದುರು ಕೂತು "ಮೇಡಂ, ಇಂಪ್ಯಾಕ್ಟ್ ಅನ್ನೋ ಪದ ಇನ್ನೆರಡ್ ಸಲ ಬರ್ಲಿ" ಅನ್ನುವುದು. ನಾನು ಹಾಕುವುದು.

ಟರ್ನರ್ ಅವರನ್ನು ಎಲ್ಲಿ ಸೇರಿಸುವುದು ಎಂಬಲ್ಲಿ ತೊಡಕು ಶುರುವಾಯಿತು. ಸಹಸಂಶೋಧಕರೆಂದು ಹಾಕಲು ಉದ್ಯೋಗಿ ಸಂಖ್ಯೆ ಬೇಕು, ಪಿಎಚ್.ಡಿ. ಬೇಕು. ಸಮುದಾಯದ ಪಾಲುದಾರರು ಎಂಬ ಇನ್ನೊಂದು ಕಾಲಂ ಇತ್ತು, ಅದಕ್ಕೆ ನೋಂದಾಯಿತ ಸಂಸ್ಥೆಯಾಗಿರಬೇಕು. ಉಳಿದದ್ದು ಒಂದೇ, ಮಾಹಿತಿದಾರರು. ಅದನ್ನು ಒತ್ತುವಾಗಲೇ ನನಗೆ ಇರುಸುಮುರುಸು. ಆದರೂ ಹೆಸರು ಬರೆಯಲು ಜಾಗವಿತ್ತು. ಪೂರ್ತಿ ಹೆಸರು, ಊರು ಸಮೇತ ಬರೆದೆ. ಅವರ ಕೊಡುಗೆ ಏನೆಂದು ಎರಡು ಸಾಲನ್ನೂ ಸೇರಿಸಿದೆ.

ಈ ನಡುವೆ ಇನ್ನೆರಡು ಭಾನುವಾರ ಪೀಣ್ಯಕ್ಕೆ ಹೋಗಿಬಂದೆ. ಮೊದಲ ಸಲ, ನಕಲು ಮಾಡಿಕೊಳ್ಳಲೆಂದು ಕಾರ್ಡುಗಳನ್ನು ನನ್ನ ಕೈಗೇ ಕೊಟ್ಟು ಕಳಿಸಿದರು. ಎರಡನೆಯ ಸಲ, ನಿಮ್ಮದೊಂದು ಒಪ್ಪಿಗೆ ಪತ್ರ ಬೇಕಾಗುತ್ತೆ, ಅದರ ನಮೂನೆ ಇನ್ನೂ ಬಂದಿಲ್ಲ, ಬಂದ ಮೇಲೆ ತರುತ್ತೇನೆ, ಸಹಿ ಹಾಕಬೇಕು ಎಂದೆ. ಅವರು ಎದ್ದು ಕೆಳಗಿಳಿದು ಹೋದರು. ಪಕ್ಕದ ಜೆರಾಕ್ಸ್ ಅಂಗಡಿಯಿಂದ ಹತ್ತು ಬಿಳಿ ಹಾಳೆ ತಂದರು. ನೆಲದ ಮೇಲೆ ಕೂತು, ಸ್ಟೀಲಿನ ಅಳತೆಪಟ್ಟಿ ಇಟ್ಟು, ಪ್ರತಿ ಹಾಳೆಯ ಕೆಳಗೆ ಬಲಬದಿಗೆ ಒಂದೇ ಎತ್ತರದಲ್ಲಿ ಸಹಿ ಹಾಕುತ್ತ ಹೋದರು. ಹತ್ತಕ್ಕೂ.

"ಏನಿದು ಯಜಮಾನ್ರೇ, ಬೇಡ, ಬೇಡ," ಎಂದೆ.

"ಎರಡೆರಡು ತಾಸು ಅಡ್ಡಾಡತೀರಿ. ಮ್ಯಾಲ ಏನು ಬೇಕೋ ನೀವ ಬರಕೋರಿ."

"ಓದದೆ ಸಹಿ ಹಾಕಬಾರದು."

ಅವರು ನಕ್ಕುಬಿಟ್ಟರು. ಆಗಲೇ ಆ ಕಥೆ ಹೇಳಿದ್ದು. ಅವರು ಮೊದಲು ಕೆಲಸಕ್ಕೆ ಸೇರಿದ ದೊಡ್ಡ ಕಾರ್ಖಾನೆಯಲ್ಲಿ ಸೇರುವ ದಿನವೇ ನಾಲ್ಕು ಖಾಲಿ ಹಾಳೆಗೆ ಸಹಿ ಮಾಡಿಸಿಕೊಂಡಿದ್ದರಂತೆ. ಆ ಕಾಲಕ್ಕೆ ಎಷ್ಟೋ ಕಡೆ ಅದೇ ಪದ್ಧತಿ. ಸಹಿ ಮಾಡದವನಿಗೆ ಗೇಟ್ ಪಾಸ್ ಇಲ್ಲ. ಇಪ್ಪತ್ತೆರಡು ವರ್ಷ ದುಡಿದ ಮೇಲೆ ಕಾರ್ಖಾನೆ ಬೇರೆ ರಾಜ್ಯಕ್ಕೆ ಹೊರಟಿತು. ಒಂದು ಬೆಳಿಗ್ಗೆ ಗೇಟಿನಲ್ಲಿ ಒಂದು ಕಾಗದ ತೋರಿಸಿದರು. 'ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ' ಎಂದು ಟೈಪ್ ಮಾಡಿತ್ತು. ಕೆಳಗೆ ಅವರ ಎಳೆ ವಯಸ್ಸಿನ ಸಹಿ.

"ಸಹಿ ನಂದ ಇತ್ತಲ್ರಿ. ಏನಂತ ಜಗಳಾಡೂದು?" ಎಂದು ಮತ್ತೆ ನಕ್ಕರು. "ಅವರು ಬ್ಯಾರೆ ಬಿಡ್ರಿ. ನೀವು ಅಕ್ಕಾರು."

ನಾನೂ ನನ್ನ ಕಥೆ ಹೇಳಿದೆ. ಕೆಲಸಕ್ಕೆ ಸೇರುವಾಗ ವಿಶ್ವವಿದ್ಯಾಲಯದವರು ತೆಗೆದುಕೊಂಡ ನನ್ನ ಎಂ.ಎ. ಅಂಕಪಟ್ಟಿಯ ಮೂಲಪ್ರತಿ ಈಗಲೂ ಅವರ ಬೀರುವಿನಲ್ಲಿದೆ, ಕೆಲಸ ಬಿಟ್ಟರಷ್ಟೇ ಕೊಡುತ್ತಾರೆ ಎಂದೆ. "ನಿಮ್ಮದೂ ನಮ್ಮದ ಹಣೇಬಾರ ಆತಲ್ರಿ," ಎಂದರು. ಇಬ್ಬರೂ ನಕ್ಕೆವು. ನಗುವಿನಲ್ಲಿ ಹತ್ತು ಹಾಳೆಗಳು ನನ್ನ ಚೀಲ ಸೇರಿದವು. ಬೇಡವೆಂದು ಇನ್ನೊಮ್ಮೆ ಹೇಳಬಹುದಿತ್ತು. ಇನ್ನೊಂದು ಭಾನುವಾರದ ಎರಡು ಮೆಟ್ರೋ ಮತ್ತು ಆ ಕಬ್ಬಿಣದ ಮೆಟ್ಟಿಲು ನೆನಪಾಗಿ ಸುಮ್ಮನಾದೆ.

ಸಹಕಾರದ ಪತ್ರ ಎಂಬುದೊಂದಕ್ಕೆ ಒಂದು ಹಾಳೆ ಬಳಸಿದೆ. ಮುದ್ರಿಸುವ ಮುಂಚೆ ಫೋನಿನಲ್ಲಿ ಓದಿ ಹೇಳಿದೆ, ಅವರು ಹೂಂ ಅಂದರು. ಅಷ್ಟರ ಮಟ್ಟಿಗೆ ನಾನು ಸರಿಯಾಗಿದ್ದೆ.

ಕೊನೆಯ ದಿನ ಶುಕ್ರವಾರ, ಸಂಜೆ ಐದಕ್ಕೆ ಪೋರ್ಟಲ್ ಮುಚ್ಚುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಮೂರು ಗಂಟೆಗೆ ಎಥಿಕ್ಸ್ ಕಮಿಟಿಯ ಮೇಲ್ ಬಂತು. ಸಂಶೋಧನೆಯಲ್ಲಿ ಮನುಷ್ಯರು ಭಾಗವಹಿಸಿದರೆ ಅವರಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವ ಸಮಿತಿ ಅದು. ಮಾಹಿತಿದಾರರ ಹೆಸರು, ಊರು, ಗುರುತು ಅರ್ಜಿಯಲ್ಲಾಗಲೀ ಮುಂದೆ ಪ್ರಕಟವಾಗುವ ಯಾವುದರಲ್ಲಾಗಲೀ ಕಾಣಿಸಬಾರದು, ಇದು ಅವರ ರಕ್ಷಣೆಗಾಗಿ. ಹೆಸರಿನ ಬದಲು ಪಿ-೧ ಎಂದು ಬರೆಯಿರಿ. 'ನನ್ನ ಹೆಸರನ್ನು ಎಲ್ಲೂ ಬಳಸಬಾರದೆಂದು ನಾನು ಸ್ವಂತ ಇಚ್ಛೆಯಿಂದ ಒಪ್ಪಿದ್ದೇನೆ' ಎಂಬ ಪತ್ರಕ್ಕೆ ಅವರ ಸಹಿ ಮಾಡಿಸಿ ಇವತ್ತೇ ಸೇರಿಸಿ. ಇಷ್ಟೂ ಇಂಗ್ಲಿಷಿನಲ್ಲಿ.

ಸಮಿತಿಯ ಕಾರ್ಯದರ್ಶಿಗೆ ಫೋನ್ ಮಾಡಿದೆ. "ಅವರಿಗೆ ಹೆಸರು ಬೇಕು ಮೇಡಂ, ಅವರು ಕೇಳಿರೋದೇ ಅದೊಂದು," ಎಂದೆ. "ಎಲ್ರೂ ಹಂಗೇ ಹೇಳ್ತಾರೆ ಮೇಡಂ. ನಾಳೆ ಏನಾದ್ರು ತೊಂದ್ರೆ ಆದ್ರೆ? ಇದು ಅವ್ರ ಒಳ್ಳೇದಕ್ಕೇ," ಎಂದರು ಆಕೆ. ಸೌಮ್ಯವಾಗಿಯೇ ಹೇಳಿದರು. ಬೈದಿದ್ದರೆ ನನಗೂ ಬೈಯುವುದಕ್ಕೆ ಬರುತ್ತಿತ್ತು.

ಟರ್ನರ್ ಅವರಿಗೆ ಮೂರು ಸಲ ಫೋನ್ ಮಾಡಿದೆ. ಮೆಷಿನ್ ಮೇಲೆ ಇರುವವರ ಫೋನುಗಳನ್ನು ಅವರ ವರ್ಕ್‌ಶಾಪಿನಲ್ಲಿ ಬಾಗಿಲ ಬಳಿಯ ಡಬ್ಬಿಯಲ್ಲಿ ಇಡಿಸುತ್ತಾರೆ. ಆರು ಗಂಟೆಯವರೆಗೆ ಅವರ ಕೈಗೆ ಸಿಗುವುದಿಲ್ಲವೆಂದು ಗೊತ್ತಿದ್ದೂ ಮಾಡಿದೆ. ವರ್ಕ್‌ಶಾಪಿನ ಮಾಲೀಕರ ಫೋನಿಗೂ ಮಾಡಬಹುದಿತ್ತು. ಸಹೋದ್ಯೋಗಿಯ ಬಳಿ ಆ ನಂಬರು ಇತ್ತು. ಕೇಳಲಿಲ್ಲ. ಕೇಳಿ, ಅವರು ಸಿಕ್ಕು, ಬೇಡವೆಂದರೆ? ಆರು ವಾರದ ಕೆಲಸ ನೀರಿನಲ್ಲಿ ಹೋಮ. ಹಾಗೆಂದು ಆಗ ನಾನು ಯೋಚಿಸಿದೆನೋ ಇಲ್ಲವೋ ಹೇಳಲಾರೆ. ದಣಿದಿದ್ದೆ ಎನ್ನುವುದು ನಿಜ. ದಣಿವಿನ ಹಿಂದೆ ಏನೆಲ್ಲ ಅಡಗಿ ಕೂರುತ್ತದೆ ಎಂಬುದೂ ನಿಜ.

"ಮೇಡಂ, ಸೈನ್ ಮಾಡಿರೋ ಹಾಳೆ ಇದ್ಯಲ್ಲ," ಎಂದರು ಸಹೋದ್ಯೋಗಿ, ನನ್ನ ಮುಖ ನೋಡದೆ.

ಬೀರು ತೆಗೆದೆ. ಮೊದಲ ಹಾಳೆಯಲ್ಲಿ ಅಳತೆ ತಪ್ಪಿ, ಟೈಪಾದ ಸಾಲುಗಳು ಅವರ ಸಹಿಯ ಮೇಲೆಯೇ ಹರಿದವು. ಅದನ್ನು ಮಡಚಿ ಚೀಲಕ್ಕೆ ಹಾಕಿದೆ. ಎರಡನೆಯದರಲ್ಲಿ ಸರಿಯಾಗಿ ಕೂತಿತು. ಪತ್ರ ಮುಗಿಯುವ ಜಾಗಕ್ಕೂ ಸಹಿಗೂ ನಡುವೆ ಒಂದೂವರೆ ಇಂಚು ಅಂತರ, ನೋಡಿದವರು ಓದಿಯೇ ಸಹಿ ಮಾಡಿದ್ದಾರೆ ಅನ್ನಬೇಕು. ಅರ್ಜಿಯಲ್ಲಿ ಅವರ ಹೆಸರಿದ್ದ ಐದು ಕಡೆ ಪಿ-೧ ಎಂದು ತಿದ್ದಿದೆ. ನಾಲ್ಕೂ ಮುಕ್ಕಾಲಿಗೆ ಅರ್ಜಿ ಹೋಯಿತು. ಕ್ಯಾಂಟೀನಿನಲ್ಲಿ ಟೀ ಕುಡಿದೆವು.

ಸಂಜೆ ಏಳಕ್ಕೆ ಅವರೇ ವಾಪಸ್ ಫೋನ್ ಮಾಡಿದರು. "ಏನ್ರಿ ಅಕ್ಕಾರ, ಮೂರು ಸಲ ಮಾಡೀರಿ?" "ಏನಿಲ್ಲ ಯಜಮಾನ್ರೇ, ಅರ್ಜಿ ಹಾಕಿದೆವು ಅಂತ ಹೇಳೋಕೆ," ಎಂದೆ. "ಚಲೋ ಆತು ಬಿಡ್ರಿ," ಎಂದರು.

ಮೂರು ತಿಂಗಳ ಮೇಲೆ ಅನುದಾನ ಮಂಜೂರಾಯಿತು. ನಡುವೆ ಒಂದು ಸಂದರ್ಶನವೂ ನಡೆದಿತ್ತು. ಇದರಿಂದ ಆ್ಯಪ್ ಮಾಡಬಹುದೇ ಎಂದು ಒಬ್ಬರು ಕೇಳಿದರು, ಮಾಡಬಹುದು ಎಂದು ನಾವಿಬ್ಬರೂ ತಲೆಯಾಡಿಸಿದ್ದೆವು. ಕುಲಸಚಿವರು ಕರೆದು ಹೂಗುಚ್ಛ ಕೊಟ್ಟರು. ಹದಿನಾರು ವರ್ಷದಲ್ಲಿ ಕನ್ನಡ ವಿಭಾಗಕ್ಕೆ ಬಂದ ಮೊದಲ ಹೂಗುಚ್ಛ. ಅದನ್ನು ಮೆಟ್ರೋದಲ್ಲಿ ಹಿಡಿದುಕೊಂಡು ಬರುವಾಗ ನನಗೆ ಸಂತೋಷವಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆ ಭಾನುವಾರ ನಾನೊಬ್ಬಳೇ ರಾಜಗೋಪಾಲನಗರಕ್ಕೆ ಹೋದೆ. ಮಂಜೂರಾತಿ ಪತ್ರ, ಯೋಜನೆಯ ಸಾರಾಂಶ, ಒಂದು ಕಿಲೋ ಮೈಸೂರುಪಾಕು. ಸುದ್ದಿ ಹೇಳಿದೆ. ಅವರ ಹೆಂಡತಿ ದೇವರ ಮುಂದೆ ದೀಪ ಹಚ್ಚಿದರು. ಅವರು ಕನ್ನಡಕ ಹಾಕಿಕೊಂಡು ಸಾರಾಂಶದ ಮೊದಲನೇ ಪುಟ ಕೈಗೆ ತೆಗೆದುಕೊಂಡರು. ಇಂಗ್ಲಿಷು ಓದಲು ಬರದಿದ್ದರೂ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗುರುತು ಹಿಡಿಯಬಲ್ಲರು. ಜಾಬ್ ಕಾರ್ಡಿನ ಮೇಲೆ ನಲವತ್ತು ವರ್ಷ ಅದನ್ನೇ ನೋಡಿದವರು. ಬೆರಳಿಟ್ಟು ಸಾಲು ಸಾಲಾಗಿ ಕೆಳಗಿಳಿದರು. ಪುಟ ತಿರುಗಿಸಿದರು. ಮತ್ತೆ ಮೊದಲನೇ ಪುಟಕ್ಕೆ ಬಂದರು.

"ಎಲ್ಲೈತ್ರಿ ಅಕ್ಕಾರ?"

ಪಿ-೧ ತೋರಿಸಿದೆ. ಇದು ನೀವೇ ಎಂದೆ. ಸಮಿತಿ, ನಿಯಮ, ರಕ್ಷಣೆ ಎಲ್ಲ ವಿವರಿಸಿದೆ. ನನ್ನ ಮಾತು ನನಗೇ ಆ ಕಾರ್ಯದರ್ಶಿಯ ಮಾತಿನ ಹಾಗೆ ಕೇಳಿಸತೊಡಗಿತು. ಅವರು ಪೂರ್ತಿ ಕೇಳಿಸಿಕೊಂಡರು.

"ಇದಕ್ಕ ನಾನು ಒಪ್ಪೀನಂತೇನ್ರಿ?"

ಪತ್ರದ ಪ್ರತಿ ಚೀಲದಲ್ಲಿತ್ತು. ತೆಗೆದುಕೊಟ್ಟೆ. "ಕನ್ನಡದಾಗ ಓದ್ರಿ," ಎಂದರು. ನನ್ನ ಹೆಸರನ್ನು ಎಲ್ಲೂ ಬಳಸಬಾರದೆಂದು ನಾನು ಸ್ವಂತ ಇಚ್ಛೆಯಿಂದ ಎಂದು ಓದಿ ಹಾಳೆ ಕೆಳಗಿಟ್ಟೆ. ಅಲ್ಲಿಯವರೆಗೆ ಇಂಗ್ಲಿಷಿನಲ್ಲಿದ್ದುದರಿಂದ ಆ ಎರಡು ಪದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕನ್ನಡದ ಮೇಷ್ಟ್ರಮ್ಮನಾದ ನನಗೆ.

"ಅವರೂ ಹಿಂಗ ಬರದಿದ್ರು," ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ, ಗುರುತು ಹಿಡಿದವರ ದನಿ.

ನನಗೆ ಅಲ್ಲೇ ನೆಲ ಬಿರಿದರೆ ಸಾಕಿತ್ತು. ತಪ್ಪಾಯಿತು ಎಂದೆ. "ಉಳಿದ ಹಾಳಿ ತಂದೀರೇನು?" ಎಂದು ಕೇಳಿದರು. ಏಳು ಉಳಿದಿದ್ದವು, ತಂದಿದ್ದೆ. ಅವರು ನೆಲದ ಮೇಲೆ ಕೂತು, ಅದೇ ಸ್ಟೀಲಿನ ಅಳತೆಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಇಟ್ಟು, ಒಂದೊಂದು ಹಾಳೆಯ ಮೇಲೂ ಒಂದೊಂದು ಗೆರೆ ಎಳೆದರು. ಅವಸರವಿಲ್ಲದೆ, ಒಂದು ಕೂದಲೂ ಆಚೀಚೆ ಆಗದಂತೆ. ಏಳಕ್ಕೂ ಎಳೆದು, ಅಂಚು ಕೂಡಿಸಿ, ಟ್ರಂಕಿನಲ್ಲಿಟ್ಟರು. ಕಾರ್ಡುಗಳನ್ನು ವಾಪಸ್ ಕೇಳುತ್ತಾರೆಂದು ನಾನು ಕಾದೆ. ಕೇಳಲಿಲ್ಲ.

"ಅವು ಇರ್ಲಿ ಬಿಡ್ರಿ. ಮಾತು ಎಲ್ಲಾರವು," ಎಂದರು. "ಚಾ ಕುಡೀರಿ, ಆರತೈತಿ."

ಮರುದಿನವೇ ಸಮಿತಿಗೆ ಬರೆದೆ. ಹೆಸರು ಸೇರಿಸಬೇಕು, ಹಳೆಯ ಪತ್ರವನ್ನು ಅವರು ಓದಿರಲಿಲ್ಲ, ತಪ್ಪು ನನ್ನದು ಎಂದು ಬರೆದೆ. ಹೀಗೆ ಬರೆದರೆ ಕೆಲಸಕ್ಕೆ ಕುತ್ತು ಬಂದೀತು ಎಂದು ಸಹೋದ್ಯೋಗಿ ಹೆದರಿದರು. ಏನೂ ಆಗಲಿಲ್ಲ. ಅದನ್ನು ಯಾರಾದರೂ ಪೂರ್ತಿ ಓದಿದರೋ ಇಲ್ಲವೋ. ಹದಿನೈದು ದಿನದ ಮೇಲೆ ಒಂದು ನಮೂನೆ ಬಂತು. ಹಿಂದಿನ ಒಪ್ಪಿಗೆಯನ್ನು ಹಿಂತೆಗೆದುಕೊಂಡು ಹೆಸರು ಬಳಸಲು ಅನುಮತಿ ನೀಡುವ ಪತ್ರ, ಮಾಹಿತಿದಾರರ ಸಹಿ ಕಡ್ಡಾಯ. ಅದನ್ನು ಕನ್ನಡಕ್ಕೆ ಮಾಡಿ, ದೊಡ್ಡ ಅಕ್ಷರದಲ್ಲಿ ಮುದ್ರಿಸಿಕೊಂಡು, ಮತ್ತೆ ಎರಡು ಮೆಟ್ರೋ ಹಿಡಿದೆ.

ಅವರು ಕನ್ನಡಕ ಹಾಕಿಕೊಂಡು ಒಂದಕ್ಷರ ಬಿಡದೆ ಓದಿದರು. ಚಲೋ ಬರದೀರಿ ಎಂದರು. ಪೆನ್ನು ಚಾಚಿದೆ.

"ಇನ್ನ ಸಹಿ ಮಾಡಂಗಿಲ್ರಿ ಅಕ್ಕಾರ," ಎಂದು ಹಾಳೆಯನ್ನು ಎರಡೂ ಕೈಯಲ್ಲಿ ನನಗೆ ವಾಪಸ್ ಕೊಟ್ಟರು. "ಮುಗೀತು ಅದು."

ಪದಕೋಶದ ಕೆಲಸ ನಡೆಯುತ್ತಿದೆ. ಭಾನುವಾರಗಳಂದು ಅವರು ಒಂದೊಂದೇ ಮಾತನ್ನು ನನ್ನ ರೆಕಾರ್ಡರಿಗೆ ಹೇಳುತ್ತಾರೆ, ಚಹಾ ಕೊಡುತ್ತಾರೆ, ನನ್ನ ಮಂಡಿ ನೋವು ವಿಚಾರಿಸುತ್ತಾರೆ. ಮುಂದಿನ ತಿಂಗಳು ಮೊದಲ ವರದಿ ಕಳಿಸಬೇಕು. ಮೊದಲ ಪುಟದಲ್ಲಿ ನನ್ನ ಹೆಸರಿದೆ, ಸಹೋದ್ಯೋಗಿಯ ಹೆಸರಿದೆ. ಬರೆದುಕೊಂಡವರ ಹೆಸರನ್ನು ಈ ಬರಹದಲ್ಲಾದರೂ ಬರೆಯಬೇಕೆಂದು ಎರಡು ಸಲ ಪೆನ್ನು ಎತ್ತಿದೆ, ಇಟ್ಟೆ. ಬರೆಯುವ ಹಾಗಿಲ್ಲ. ಹಾಗೆಂದು ನಾನೇ ಟೈಪ್ ಮಾಡಿದ ಕಾಗದವಿದೆ, ಅದರ ಕೆಳಗೆ ಅವರ ಸಹಿಯಿದೆ.